ಆರು ಪಾದದ ನೆರಳು

ಇಂಗ್ಲೆಂಡಿಗೆ ಬರೆದಿಟ್ಟ ಸಂವಿಧಾನವೇ ಇಲ್ಲ ಎಂದು ನಮ್ಮ ರಾಜ್ಯಶಾಸ್ತ್ರದ ಮಾಷ್ಟ್ರು ಹೇಳಿದ ದಿನ ನಾನು ತರಗತಿಯಲ್ಲಿ ಕಿಸಕ್ಕನೆ ನಕ್ಕುಬಿಟ್ಟೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪುತ್ತೂರಿನಲ್ಲಿ ಹೊಸದಾಗಿ ಆದ ಕಾಲೇಜು. ಗೋಡೆಗೆ ಒರಗಿದರೆ ಸುಣ್ಣ ಇನ್ನೂ ಬೆನ್ನಿಗೆ ಅಂಟುತ್ತಿತ್ತು. ಮುಂದಿನ ಬೆಂಚಿನಲ್ಲಿ ನಾವು ನಾಲ್ಕು ಹುಡುಗಿಯರು, ಹಿಂದೆ ಮೂವತ್ತು ಚಿಲ್ಲರೆ ಹುಡುಗರು. ಹುಡುಗಿ ತರಗತಿಯಲ್ಲಿ ನಕ್ಕಳೆಂದರೆ ಆಗ ಅದೊಂದು ಸುದ್ದಿ.

ಮಾಷ್ಟ್ರು ಘಟ್ಟದ ಮೇಲಿನವರು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರ. ಅವರು ಸಿಟ್ಟಾಗಲಿಲ್ಲ. "ಏನಮ್ಮಾ, ಇದರಲ್ಲಿ ನಗುವಂಥದ್ದೇನಿದೆ?" ಎಂದು ಕೇಳಿದರು.

"ಅಲ್ಲ ಸರ್, ನಮ್ಮ ಕಟ್ಟಕ್ಕೂ ಬರೆದಿಟ್ಟದ್ದು ಎಂತದೂ ಇಲ್ಲ. ಹಾಗಾದ್ರೆ ನಾವೂ ಇಂಗ್ಲೆಂಡೂ ಒಂದೇ ಅಂತ ಆಯ್ತಲ್ಲ."

ಹಿಂದಿನ ಬೆಂಚುಗಳು ನಕ್ಕವು. ಮಾಷ್ಟ್ರು ನಗಲಿಲ್ಲ. ಕಟ್ಟ ಎಂದರೇನು ಎಂದು ಕೇಳಿದರು. ಬಾಯಿ ಬಿಟ್ಟ ಮೇಲೆ ಮುಗಿಯಿತು, ನಾನು ಹತ್ತು ನಿಮಿಷ ಹೇಳಿದೆ.

ನಮ್ಮ ಮನೆ ಜಾಲ್ಸೂರಿನಲ್ಲಿ ಬಸ್ಸಿಳಿದು ಒಂದು ಗಂಟೆ ನಡೆಯುವಷ್ಟು ಒಳಗೆ, ಒಂದು ಹೊಳೆಯ ಬದಿಯಲ್ಲಿ. ಮಳೆ ನಿಂತು ಹೊಳೆ ಬಡವಾಗುತ್ತ ಬಂದಾಗ, ಧನು ತಿಂಗಳ ಸುಮಾರಿಗೆ, ನಾಲ್ಕು ಮನೆಯವರು ಸೇರಿ ಅದಕ್ಕೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪು ತುಂಬಿ ಒಡ್ಡು ಹಾಕುತ್ತಾರೆ. ಅದೇ ಕಟ್ಟ. ಬರುವ ಮಳೆಗಾಲಕ್ಕೆ ಅದು ಕೊಚ್ಚಿಹೋಗುತ್ತದೆ, ಮುಂದಿನ ಧನುವಿನಲ್ಲಿ ಮತ್ತೆ ಕಟ್ಟುವುದು. ನಿಂತ ನೀರು ಒಂದೇ ಕಾಲುವೆಯಲ್ಲಿ ನಾಲ್ಕೂ ತೋಟಗಳಿಗೆ ಹೋಗಬೇಕು. ಒಂದು ದಿನ ಮೇಲಿನ ಎರಡು ಮನೆಗಳಿಗೆ (ಮೊದಲನೆಯದು ನಮ್ಮದು), ಮರುದಿನ ಕೆಳಗಿನ ಎರಡು ಮನೆಗಳಿಗೆ. ಆ ಎರಡರಲ್ಲಿ ದೊಡ್ಡ ತೋಟಕ್ಕೆ ಬೆಳಗಿನಿಂದ ಮಧ್ಯಾಹ್ನ ಕಳೆಯುವವರೆಗೆ, ಸಣ್ಣ ತೋಟಕ್ಕೆ ಅಲ್ಲಿಂದ ಹೊತ್ತು ಕಂತುವವರೆಗೆ. ರಾತ್ರಿ ಯಾರಿಗೂ ಇಲ್ಲ, ಕಟ್ಟ ತುಂಬಬೇಕಲ್ಲ.

"ಮಧ್ಯಾಹ್ನ ಕಳೆಯಿತು ಅಂತ ಹೇಗೆ ಗೊತ್ತಾಗುತ್ತೆ? ಗಡಿಯಾರ ಇದೆಯಾ?"

"ನೆರಳು ಉಂಟಲ್ಲ ಸರ್."

ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಬೇಕು. ನೆರಳಿನ ತಲೆ ಬಿದ್ದಲ್ಲಿ ಇನ್ನೊಬ್ಬರು ಒಂದು ಕಲ್ಲು ಇಡಬೇಕು. ನಿಂತಲ್ಲಿಂದ ಆ ಕಲ್ಲಿನವರೆಗೆ, ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನಡೆಯಬೇಕು. ಆರು ಪಾದ ಆಯಿತೋ, ನೀರು ಬದಲಿಸುವ ಹೊತ್ತು. ಕೊಡುವವರೂ ಅಳೆಯಬೇಕು, ತೆಗೆದುಕೊಳ್ಳುವವರೂ ಅಳೆಯಬೇಕು. ಇಬ್ಬರದೂ ಆರು ಆದರೆ ಮೇಲಿನ ತೋಟದ ಕಂಡಿ, ಎಂದರೆ ನೀರು ಒಳಗೆ ಹೋಗುವ ಬಾಯಿ, ಮುಚ್ಚಿ ಕೆಳಗಿನದನ್ನು ತೆರೆಯುವುದು. ಜಗಳ ಬಂದರೆ ನಮ್ಮ ಅಜ್ಜನ ಮಾತೇ ಕೊನೆ.

ಮಾಷ್ಟ್ರು ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ನಮ್ಮ ಕಟ್ಟ ಕಾಲೇಜಿನ ಪುಸ್ತಕಕ್ಕೆ ಸೇರಿತು ಎಂದು ನನಗೆ ಎರಡು ಕೋಡು ಬಂತು. ವಾರವಿಡೀ ಪುತ್ತೂರಿನಲ್ಲೇ ಇರುತ್ತಿದ್ದವಳು ಆ ಶನಿವಾರ ಮನೆಗೆ ಹೋಗಿ ಮೂರು ಮೂರು ಸಲ ಹೇಳಿದೆ.

ಆ ವರ್ಷ ನನಗೆ ಹುಚ್ಚು ಹಿಡಿದದ್ದು ನಿಜ. ಬೇರೆ ಬೇರೆ ದೇಶಗಳ ಆಡಳಿತವನ್ನು ಹೋಲಿಸಿ ನೋಡುವುದು ಎಂಬ ಒಂದು ಪಾಠ ಇತ್ತು. ಅಲ್ಲಿಯವರೆಗೆ ಸರಕಾರ ಎಂದರೆ ಮಳೆಯ ಹಾಗೆ, ಮೇಲಿನಿಂದ ಬರುವುದು, ನಾವು ಕೊಡೆ ಬಿಡಿಸಿ ಕೂತುಕೊಳ್ಳುವುದು ಎಂದು ತಿಳಿದಿದ್ದವಳು ನಾನು. ಈಗ ನೋಡಿದರೆ ಅದು ಜನ ಮಾಡಿದ್ದಂತೆ. ಒಂದು ಕಡೆ ಹೀಗೆ ಮಾಡಿದ್ದಾರಂತೆ, ಇನ್ನೊಂದು ಕಡೆ ಹಾಗೆ. ಅಮೆರಿಕದ ಅಧ್ಯಕ್ಷ ಅಲ್ಲಿನ ಸಭೆಯೊಳಗೆ ಸದಸ್ಯನಾಗಿ ಕೂರುವುದೇ ಇಲ್ಲವಂತೆ. ಸ್ವಿಟ್ಜರ್ಲೆಂಡಿನ ಕೆಲವು ಗುಡ್ಡದ ಊರುಗಳಲ್ಲಿ ಜನರೆಲ್ಲ ವರ್ಷಕ್ಕೊಮ್ಮೆ ಬಯಲಿನಲ್ಲಿ ಸೇರಿ ಕೈ ಎತ್ತಿ ಕಾನೂನು ಮಾಡುತ್ತಾರಂತೆ. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಬೇಕಿದ್ದರೆ ಇಡೀ ಲೋಕವನ್ನೇ ಬೇರೆ ಥರ ಮಾಡಬಹುದಿತ್ತು ಎಂಬ ವಿಷಯ ನನಗೆ ಅಂದಿನವರೆಗೆ ಯಾರೂ ಹೇಳಿರಲಿಲ್ಲ.

ನಮ್ಮ ಕಣ್ಣೆದುರೇ ಅಂಥದ್ದೊಂದು ನಡೆದಿತ್ತು, ಅದು ಆಗ ತಲೆಗೆ ಹೊಳೆಯಿತು. ನಮ್ಮ ಹೊಳೆಯ ಆಚೆಯ ಗುಡ್ಡ ಕೆಲವೇ ವರ್ಷಗಳ ಹಿಂದೆ ನಮ್ಮದೇ ಜಿಲ್ಲೆ. ರಾಜ್ಯಗಳನ್ನು ವಿಂಗಡಿಸಿದಾಗ ಗುಡ್ಡ ಒಂದು ಹೆಜ್ಜೆಯೂ ಕದಲದೆ ಕೇರಳಕ್ಕೆ ಹೋಯಿತು. ಅದೇ ದನ, ಅದೇ ಹುಲ್ಲು, ಅದೇ ಗೇರುಮರ. ಆದರೆ ಆಚೆ ಬದಿಯವರ ಕಾಗದ ತಿರುವನಂತಪುರಕ್ಕೆ ಹೋಗುತ್ತದೆ, ನಮ್ಮದು ಬೆಂಗಳೂರಿಗೆ. ಶನಿವಾರ ಜಾಲ್ಸೂರಿನಲ್ಲಿ ಕಾಸರಗೋಡಿನ ಬಸ್ಸು ತಿರುಗುವುದನ್ನು ಕಂಡಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ದಿನಾ ಆ ಬಸ್ಸಿನಲ್ಲಿ ಹೋಗುವವರಿಗೆ ಹಾಗೇನೂ ಆಗುತ್ತಿರಲಿಲ್ಲ.

ಹೋಲಿಸುವುದು ಹೇಗೆ ಎಂಬುದನ್ನೂ ಮಾಷ್ಟ್ರು ಹೇಳುತ್ತಿದ್ದರು. "ಎರಡು ದೇಶಗಳ ಕಾಗದಪತ್ರ ಪಕ್ಕಪಕ್ಕ ಇಟ್ಟು ಓದಿದರೆ ಸಾಲದು. ಒಂದು ಕೆಲಸ ಹಿಡಿಯಿರಿ. ಜಗಳ ಬಿಡಿಸುವುದು ಅಂತಿಟ್ಟುಕೊಳ್ಳಿ. ಅದನ್ನು ಅಲ್ಲಿ ಯಾರು ಮಾಡುತ್ತಾರೆ, ಇಲ್ಲಿ ಯಾರು ಮಾಡುತ್ತಾರೆ, ಕೇಳಿ. ಹೆಸರು ಬೇರೆ ಇರುತ್ತೆ, ಕೆಲಸ ಎಲ್ಲ ಕಡೆಯೂ ಇರುತ್ತೆ." ಹಾಗಾದರೆ ನಮ್ಮ ಅಜ್ಜ ಪ್ರಧಾನಿಯೂ ಹೌದು, ದೊಡ್ಡ ಕೋರ್ಟೂ ಹೌದು ಎಂದು ನಾನು ಮನಸ್ಸಿನಲ್ಲೇ ಅವರನ್ನು ಕುರ್ಚಿಗೇರಿಸಿದೆ. ಆದರೆ ಅರ್ಧ ಕೇಳಿ ಎದ್ದು ಓಡುವ ಜಾತಿ ನನ್ನದು. ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಒಂದೇ ಮಾತು: ಕಾನೂನಿನ ಮುಂದೆ ಎಲ್ಲರೂ ಸಮಾನರು, ಎಲ್ಲರಿಗೂ ಒಂದೇ ಅಳತೆ.

ಧನು ತಿಂಗಳು ಬಂತು. ಕಟ್ಟ ಕಟ್ಟುವ ದಿನ ನಾನು ರಜೆ ಹಾಕಿ ಮನೆಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ನಾಲ್ಕು ಮನೆಯವರೂ ಹೊಳೆಯ ಬದಿಯಲ್ಲೇ ಕೂತು ಬೆಲ್ಲ ಕಲಸಿದ ಅವಲಕ್ಕಿ ತಿನ್ನುವುದು ವಾಡಿಕೆ. ಯಾವ ಮನೆಗೆ ಯಾವ ದಿನ ಎಂದು ಆಗಲೇ ಮಾತಾಗುತ್ತದೆ. ಆ ವರ್ಷ ಎರಡನೇ ಮನೆಯ ಮಾವನ ಕೈಯಲ್ಲಿ ಒಂದು ಹೊಸ ವಾಚಿತ್ತು. ಕೆಸರಿನಲ್ಲಿ ಕೆಲಸ ಮಾಡುವಾಗಲೂ ಅವರು ಅದನ್ನು ಬಿಚ್ಚಿರಲಿಲ್ಲ.

"ಇನ್ನು ಬಿಸಿಲಿನಲ್ಲಿ ನಿಂತು ಈ ಹೆಜ್ಜೆ ಹಾಕುದೆಲ್ಲ ಎಂತಕ್ಕೆ ಮಾರಾಯ್ರೆ? ವಾಚು ಉಂಟಲ್ಲ," ಎಂದರು ಮಾವ.

"ವಾಚು ಒಬ್ಬನ ಕೈಯಲ್ಲಿ. ನೀರು ನಾಲ್ಕು ಮನೆದು," ಎಂದರು ಅಜ್ಜ. "ಹಾಗಾದ್ರೆ ವಾಚು ಕಟ್ಟಿದವನೇ ಅರಸು ಅಂತ ಆಯ್ತು."

ಎಲ್ಲರೂ ನಕ್ಕರು, ಮಾವನ ಮುಖ ಕೆಂಪಾಯಿತು. ಮಾತಿಗೆ ಮಾತು ಬೆಳೆಯಿತು. ನನಗೆ ಅದೇ ಬೇಕಿತ್ತು. ಚೀಲದಿಂದ ನನ್ನ ಮರದ ಸ್ಕೇಲು ತೆಗೆದು ಎದ್ದು ನಿಂತೆ.

"ವಾಚೂ ಬೇಡ, ಪಾದವೂ ಬೇಡ. ಒಬ್ಬೊಬ್ಬರ ಪಾದ ಒಂದೊಂದು ಉದ್ದ. ದೊಡ್ಡಪ್ಪನದ್ದು ನೋಡಿ, ಅತ್ತೆದು ನೋಡಿ. ಅದು ಎಂತ ನ್ಯಾಯ? ಇದು ಹನ್ನೆರಡು ಇಂಚು. ಇಂಗ್ಲೆಂಡಿನಲ್ಲೂ ಹನ್ನೆರಡು, ಇಲ್ಲಿಯೂ ಹನ್ನೆರಡು. ಇದರಲ್ಲಿ ಆರು ಸಲ ಅಳೆದ್ರೆ ಆಯ್ತು. ಅಳತೆ ಒಂದೇ ಆದ ಮೇಲೆ ಇಬ್ಬರು ಅಳೆಯುದೂ ಬೇಡ. ನೀರು ತಕ್ಕೊಳ್ಳುವವರು ತಮ್ಮ ನೆರಳು ಅಳೆದ್ರೆ ಸಾಕು."

ದೊಡ್ಡಪ್ಪ ಎಂದರೆ ಮೂರನೇ ಮನೆಯವರು. ಅತ್ತೆ ಎಂದರೆ ಕಾಲುವೆಯ ತುದಿಯ ಮನೆಯ ಹೆಂಗಸು. ಹಳ್ಳಿಯಲ್ಲಿ ರಕ್ತಸಂಬಂಧ ಇರಲಿ ಇಲ್ಲದಿರಲಿ, ಎಲ್ಲರೂ ಏನಾದರೊಂದು ಆಗಿಯೇ ಇರುತ್ತಾರೆ.

ಅಜ್ಜ ಸ್ಕೇಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅವರವರ ನೆರಳಿಗೆ ಅವರವರ ಪಾದ ಅಂತ ನಮ್ಮ ಅಜ್ಜ ಹೇಳ್ತಿದ್ರು. ಯಾಕೆ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ," ಎಂದರು. ಆಮೇಲೆ ಸ್ಕೇಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ, "ಕಲಿತ ಪುಳ್ಳಿ ಹೇಳ್ತಾಳೆ. ನೀವೆಲ್ಲ ಎಂತ ಹೇಳ್ತೀರಿ?" ಎಂದು ಕೇಳಿದರು. ಪುಳ್ಳಿ ಎಂದರೆ ಮೊಮ್ಮಗಳು. ಆ ಮಾತಿನಲ್ಲಿ ಎಷ್ಟು ಹೆಮ್ಮೆ ಇತ್ತು ಎಂದು ನೆನೆದರೆ ಇವತ್ತಿಗೂ ನನಗೆ ನಾಚಿಕೆ.

ನಾನು ಎಲ್ಲರಿಗೂ ಕೈ ಎತ್ತಲು ಹೇಳಿದೆ. ಕೆಸರು ಮೆತ್ತಿದ ಕೈಗಳು ಒಂದೊಂದಾಗಿ ಮೇಲೇರಿದವು. ಕೊನೆಗೆ ತುದಿಮನೆಯ ಅತ್ತೆಯೂ ಎತ್ತಿದರು. ಹೊಳೆಯ ಬದಿಯಲ್ಲಿ ಸ್ವಿಟ್ಜರ್ಲೆಂಡೇ ಇಳಿದುಬಂದ ಹಾಗೆ ಕಂಡಿತು ನನಗೆ. ಸ್ಕೇಲನ್ನು ಅಡಿಕೆ ಹಾಳೆಯಲ್ಲಿ ಸುತ್ತಿ, ಕಂಡಿಯ ಪಕ್ಕದ ಮರಕ್ಕೆ ಮೊಳೆ ಹೊಡೆದು ತೂಗುಹಾಕಿದೆವು.

ತುದಿಮನೆಯ ಅತ್ತೆಯ ವಿಷಯ ಹೇಳಬೇಕು. ಅವರ ಗಂಡ ಹೋಗಿ ಮೂರು ವರ್ಷವಾಗಿತ್ತು. ಮಕ್ಕಳಿಲ್ಲ. ಕುಳ್ಳಗಿನ ಜೀವ, ನಾನೇ ಎತ್ತರದವಳಲ್ಲ, ಅವರು ನನ್ನ ಕಿವಿಯ ಮಟ್ಟಕ್ಕೆ ಬರುತ್ತಿದ್ದರು. ಹಳೆಯ ಮರಗಳು ಸತ್ತ ಜಾಗದಲ್ಲಿ ತಾವೇ ಗುಂಡಿ ತೋಡಿ ಹೊಸ ಅಡಿಕೆ ಸಸಿ ನೆಟ್ಟಿದ್ದರು. ಪಂಜದಲ್ಲಿ ಅವರ ಅಣ್ಣನ ಮನೆ. ಅಣ್ಣ ಕೆಟ್ಟವರಲ್ಲ, ಆದರೆ ಖಂಡಿತವಾದಿ. "ಈ ಬೇಸಗೆಯಲ್ಲಿ ಸಸಿ ಉಳಿದ್ರೆ ನೀನು ಇಲ್ಲಿ ಇರು. ಇಲ್ಲದಿದ್ರೆ ತೋಟ ಯಾರಿಗಾದ್ರೂ ಬಿಟ್ಟುಕೊಟ್ಟು ಪಂಜಕ್ಕೆ ಬಾ," ಎಂದುಬಿಟ್ಟಿದ್ದರು. ಪಂಜದ ಮನೆಯ ವಿಷಯ ಬಂದಾಗ ಅತ್ತೆ ನನ್ನ ಅಮ್ಮನ ಹತ್ತಿರ ಒಂದು ಮಾತು ಹೇಳಿದ್ದರು: "ಅಲ್ಲಿ ಊಟ ಉಂಟು ಅಕ್ಕ. ಇದು ನನ್ನ ಬಾಗಿಲು ಅಂತ ಹೇಳ್ಲಿಕ್ಕೆ ಒಂದು ಬಾಗಿಲು ಇಲ್ಲ."

ಮಕರ ಕಳೆದು ಕುಂಭಕ್ಕೆ ಹೊಳೆ ಸಪೂರವಾಯಿತು. ಒಂದು ಶನಿವಾರ ಮನೆಗೆ ಹೋದಾಗ ತುದಿಮನೆಯ ಸಸಿಗಳು ಹಳದಿಯಾಗಿದ್ದವು. ಕಾಲುವೆಯಲ್ಲಿ ಏಡಿ ಬಿಲ ತೋಡಿರಬೇಕು ಎಂದು ದೊಡ್ಡಪ್ಪ ಉದ್ದಕ್ಕೂ ಮಣ್ಣು ಮೆತ್ತಿಸಿದರು. ಮರುವಾರ ಹೋದಾಗಲೂ ಹಾಗೆಯೇ. "ಮಧ್ಯಾಹ್ನ ಉಂಡು ನಿದ್ದೆ ಹೊಡಿತಾಳೆ ಕಾಣ್ತದೆ, ಹೊತ್ತಿಗೆ ಸರಿಯಾಗಿ ಕಂಡಿ ತೆರೆಯುದಿಲ್ಲ," ಎಂದರು ವಾಚಿನ ಮಾವ. ನಾನಾದರೂ ಏನು ಕಡಿಮೆ? ಅತ್ತೆಯ ಅಂಗಳಕ್ಕೇ ಹೋಗಿ, "ಅತ್ತೇ, ನೀವು ಸ್ಕೇಲು ವಾರೆ ಹಿಡಿತೀರಾ ಎಂತ?" ಎಂದು ಕೇಳಿದೆ.

"ಇಲ್ಲ ಮಗಳೇ. ನೀನು ಹೇಳಿಕೊಟ್ಟ ಹಾಗೆಯೇ," ಎಂದರು ಅತ್ತೆ. ಸೊಂಟದಲ್ಲಿ ಕೊಡ ಇತ್ತು. ಬಾವಿಯಿಂದ ಸೇದಿ ಸೇದಿ ಒಂದೊಂದು ಸಸಿಗೂ ಹೊಯ್ಯುತ್ತಿದ್ದರು. ಬಾವಿಯೂ ತಳ ಕಂಡಿತ್ತು. ಪಂಜದ ಅಣ್ಣ ಬಂದು ನೋಡಿಕೊಂಡು ಹೋಗಿದ್ದರಂತೆ. ಶಿವರಾತ್ರಿ ಕಳೆದು ಬರುತ್ತೇನೆ, ಗಂಟು ಕಟ್ಟಿಡು ಎಂದಿದ್ದರಂತೆ. ಶಿವರಾತ್ರಿಗೆ ಹತ್ತೋ ಹನ್ನೆರಡೋ ದಿನ ಇತ್ತು.

ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಸ್ಕೇಲಿನ ಮೇಲೆ ಒಂದು ಕೂದಲಷ್ಟೂ ಅನುಮಾನ ಬರಲಿಲ್ಲ.

ಅದೇ ವಾರ ಮಾಷ್ಟ್ರು ಹೋಲಿಸುವವರು ಮಾಡುವ ತಪ್ಪುಗಳ ಬಗ್ಗೆ ಪಾಠ ಮಾಡಿದರು. ಮೂರು ಗಂಟೆಗೆ ಮುಗಿಯುವ ತರಗತಿ. "ನಮ್ಮಲ್ಲಿ ಇಂಥ ಸಭೆ ಇದೆ, ನಿಮ್ಮಲ್ಲಿ ಅದಿಲ್ಲ, ಆದ್ದರಿಂದ ನಿಮಗೆ ಆಳಿಕೊಳ್ಳುವುದಕ್ಕೇ ಬರುವುದಿಲ್ಲ. ಹೀಗೆ ಹೇಳಿಕೊಂಡೇ ಒಂದು ದೇಶ ಇನ್ನೊಂದನ್ನು ಆಳಿದ್ದು. ಎಲ್ಲವನ್ನೂ ತನ್ನ ಮೂಗಿನ ನೇರಕ್ಕೇ ನೋಡುವುದು ಅಂದರೆ ಇದೇ," ಎಂದರು.

ನಾನು ತಟ್ಟನೆ ಕೈ ಎತ್ತಿದೆ. "ಅದಕ್ಕೇ ಸರ್, ಯಾರ ಮೂಗಿನದ್ದೂ ಬೇಡ, ಎಲ್ಲರಿಗೂ ಒಂದೇ ಅಳತೆ ಇರಬೇಕು. ನಮ್ಮ ಕಟ್ಟದಲ್ಲಿ ನಾನು ಈ ವರ್ಷ ಹಾಗೆ ಮಾಡಿಸಿದೆ." ಸ್ಕೇಲಿನ ಕಥೆಯನ್ನು ಚೆನ್ನಾಗಿಯೇ ಹೇಳಿದೆ. ಹಿಂದಿನ ಬೆಂಚಿನವರೂ ಕೇಳಿದರು.

ಮಾಷ್ಟ್ರು ಕಿಸೆಯ ಪುಸ್ತಕ ತೆಗೆದು ಹಾಳೆ ಮಗುಚಿದರು. "ಮೊದಲು ಯಾರ ಪಾದದಲ್ಲಿ ಅಳೆಯುತ್ತಿದ್ದರು?"

"ಅವರವರದ್ದೇ ಪಾದದಲ್ಲಿ ಸರ್."

"ಯಾರ ನೆರಳನ್ನ?"

"ಅವರವರದ್ದೇ."

ಅವರು ಕಿಟಕಿಯ ಹೊರಗಿನ ಬಿಸಿಲು ನೋಡಿದರು. ಆಮೇಲೆ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, "ಎಲ್ಲರೂ ಹೊರಗೆ ಬನ್ನಿ. ಯಾರದಾದರೂ ಒಂದು ಸ್ಕೇಲು ತಗೊಂಡು ಬಾಮ್ಮ," ಎಂದರು.

ಕಾಲೇಜಿನ ಎದುರು ಕೆಂಪು ಮಣ್ಣಿನ ಬಯಲು. ಮಾಷ್ಟ್ರು ಬೂಟು ಕಳಚಿ, ಪ್ಯಾಂಟಿನ ಕಾಲು ಮಡಚಿ ಬಿಸಿಲಿನಲ್ಲಿ ನಿಂತರು. ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದರು. ಕಡಬದಿಂದ ಬರುತ್ತಿದ್ದ ನನ್ನ ಗೆಳತಿ ಇಬ್ಬರ ನೆರಳಿನ ತಲೆಗೂ ಒಂದೊಂದು ಕಲ್ಲಿಟ್ಟಳು. ಅವರ ಕಲ್ಲು ಎಷ್ಟೋ ದೂರದಲ್ಲಿತ್ತು, ನನ್ನದು ಹತ್ತಿರ. ಮಾಷ್ಟ್ರು ತಮ್ಮ ದೊಡ್ಡ ಪಾದಗಳನ್ನು ಒಂದರ ಮುಂದೊಂದು ಇಡುತ್ತ ಹೋದರು. ಆರನೆಯ ಪಾದಕ್ಕೆ ಹೆಬ್ಬೆರಳು ಕಲ್ಲಿಗೆ ತಾಗಿತು. ನಾನು ನನ್ನ ಪಾದ ಇಟ್ಟೆ. ಒಂದು, ಎರಡು, ಮೂರು. ಆರನೆಯದಕ್ಕೆ ನನ್ನ ಹೆಬ್ಬೆರಳೂ ಕಲ್ಲಿಗೆ ತಾಗಿತು.

ಮಾಷ್ಟ್ರು ಸ್ಕೇಲು ಇಡಿಸಿದರು. ಅವರ ನೆರಳು ಐದು ಅಡಿಗೆ ಸ್ವಲ್ಪ ಹೆಚ್ಚು, ನನ್ನದು ನಾಲ್ಕೂವರೆ. ನಾವು ಅಲ್ಲೇ ಕಾದೆವು. ಅವರ ನೆರಳು ಸ್ಕೇಲಿನಲ್ಲಿ ಆರು ಮುಟ್ಟಲು ಕಾಲು ಗಂಟೆ ಹಿಡಿಯಿತು. ನನ್ನದು ಮುಟ್ಟಲು ಮತ್ತೂ ಇಪ್ಪತ್ತು ನಿಮಿಷದ ಮೇಲಾಯಿತು. ಅಷ್ಟರಲ್ಲಿ ಹುಡುಗರೆಲ್ಲ ಚಪ್ಪಲಿ ಬಿಟ್ಟು ಬಯಲಿನ ತುಂಬ ತಮ್ಮ ತಮ್ಮ ನೆರಳನ್ನು ತುಳಿಯುತ್ತಿದ್ದರು. ಉದ್ದದವನಿಗೂ ಕುಳ್ಳನಿಗೂ ಲೆಕ್ಕ ಒಂದೇ ಬರುತ್ತಿತ್ತು. ಹೆಚ್ಚೆಂದರೆ ಅರ್ಧ ಬೆರಳಿನ ವ್ಯತ್ಯಾಸ.

"ಉದ್ದದವನಿಗೆ ದೊಡ್ಡ ನೆರಳು, ದೊಡ್ಡ ಪಾದ. ಕುಳ್ಳಗಿರುವವರಿಗೆ ಸಣ್ಣ ನೆರಳು, ಸಣ್ಣ ಪಾದ," ಎಂದರು ಮಾಷ್ಟ್ರು. ಅವರ ದನಿ ಪಾಠ ಮಾಡುವ ದನಿಯಾಗಿರಲಿಲ್ಲ. "ಯಾರ ಮೈಯಲ್ಲಿ ಅಳೆದರೂ ಒಂದೇ ಸೂರ್ಯ ಸಿಗುತ್ತಾನೆ. ಗಡಿಯಾರ ಬೇಡ, ಕಾವಲಿನವನು ಬೇಡ. ಯಾರೂ ಯಾರನ್ನೂ ನಂಬಬೇಕಾಗಿಲ್ಲ, ಯಾರೂ ಮೋಸ ಮಾಡುವಂತೆಯೂ ಇಲ್ಲ. ಇದನ್ನು ಮಾಡಿದವರು ಯಾರಮ್ಮಾ?"

"ಗೊತ್ತಿಲ್ಲ ಸರ್. ಅಜ್ಜನ ಅಜ್ಜಂದಿರು ಇರಬೇಕು."

"ನಾನು ಐದು ದೇಶಗಳ ಸರಕಾರದ ಪಾಠ ಮಾಡುತ್ತೇನೆ," ಎಂದು ಅವರು ಬರಿಗಾಲಿನಲ್ಲೇ ನಿಂತು ಮಣ್ಣು ನೋಡಿದರು.

ನನಗೆ ಕಣ್ಣಲ್ಲಿ ನೀರು ಬಂತು. ನಮ್ಮ ಹೊಳೆ, ನಮ್ಮ ಕೆಸರು, ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮ ಹಿರಿಯರು. ಅವರಲ್ಲಿ ಯಾರೋ ಒಬ್ಬರು ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಿಂತು ತನ್ನ ನೆರಳನ್ನೂ ಪಕ್ಕದವನ ನೆರಳನ್ನೂ ನೋಡಿ ಇಷ್ಟು ದೊಡ್ಡದನ್ನು ಕಂಡಿದ್ದರು. ಅದನ್ನು ಒಂದು ಅಕ್ಷರವೂ ಬರೆದಿಡದೆ ನನ್ನ ಕಾಲಿನವರೆಗೆ ತಲುಪಿಸಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಾನು ಆ ಗಿಡವನ್ನು ಕಿತ್ತೇ ಎಸೆದಿದ್ದೆ. ಮುಂದೆ ನಾನೂ ಇದೇ ವಿಷಯವನ್ನು ಎಷ್ಟೋ ವರ್ಷ ಪಾಠ ಮಾಡಿದೆ, ದಪ್ಪ ದಪ್ಪ ಪುಸ್ತಕ ಓದಿದೆ. ಆ ಬಯಲಿನಲ್ಲಿ ಆದಂಥ ಬೆರಗು ಇನ್ನೊಮ್ಮೆ ಆಗಲಿಲ್ಲ.

ಬೆರಗಿನ ಹಿಂದೆಯೇ ತುದಿಮನೆ ನೆನಪಾಯಿತು. ಅತ್ತೆ ನನ್ನ ಕಿವಿಯ ಮಟ್ಟ. ಅವರ ನೆರಳು ಸ್ಕೇಲಿನಲ್ಲಿ ಆರು ಮುಟ್ಟಬೇಕಾದರೆ ಮುಕ್ಕಾಲು ಗಂಟೆಯಾದರೂ ತಡ. ಬತ್ತಿದ ಕಾಲುವೆಯಲ್ಲಿ ನೀರು ತುದಿಗೆ ತಲುಪುವುದಕ್ಕೇ ಅರ್ಧ ಗಂಟೆ ಬೇಕು. ಮತ್ತೆ ಅವರಿಗೆ ಉಳಿದದ್ದೆಷ್ಟು? ಇಬ್ಬರೂ ಅಳೆಯುವ ಕ್ರಮ ಇದ್ದಿದ್ದರೆ ಮೊದಲ ದಿನವೇ ವ್ಯತ್ಯಾಸ ಗೊತ್ತಾಗುತ್ತಿತ್ತು. ಅದನ್ನೂ ನಾನೇ ತೆಗೆಸಿದ್ದೆ. ಬುದ್ಧಿವಂತಿಕೆ ಎಂದರೆ ಇದು.

ಶನಿವಾರದವರೆಗೆ ಕಾಯಲು ನನ್ನಿಂದಾಗಲಿಲ್ಲ. ಮರುದಿನ ಬೆಳಗಿನ ಬಸ್ಸು ಹಿಡಿದೆ. ಬಸ್ಸು ಸಂಪಾಜೆಯವರೆಗೂ ಹೋಗುವುದು, ಎಲ್ಲಿ ನೋಡಿದರೂ ನಿಲ್ಲಿಸುತ್ತಿತ್ತು. ಜಾಲ್ಸೂರಿನಲ್ಲಿ ಇಳಿದು ಓಡಿದ ಹಾಗೆಯೇ ನಡೆದೆ. ಅಂದು ಕೆಳಗಿನ ಎರಡು ಮನೆಗಳ ದಿನ. ಮನೆಗೆ ಹೋಗಿ, ಉಂಡು ಮಲಗಿದ್ದ ಅಜ್ಜನನ್ನು ಎಬ್ಬಿಸಿ, "ಅಜ್ಜ, ಕಟ್ಟದ ಹತ್ತಿರ ಎಲ್ಲರನ್ನೂ ಕರೀರಿ," ಎಂದೆ. ಅಜ್ಜ ನನ್ನ ಮುಖ ನೋಡಿ ಏನೂ ಕೇಳದೆ ಎದ್ದರು.

ಕಂಡಿಯ ಹತ್ತಿರ ನಾಲ್ಕು ಮನೆಯವರೂ ಸೇರುವಾಗ ಮೂರು ಗಂಟೆ ಆಗುತ್ತ ಬಂದಿತ್ತು. ಅತ್ತೆ ಮೊದಲೇ ಬಂದು ಮರದಡಿ ಕೂತಿದ್ದರು, ಸ್ಕೇಲು ತೊಡೆಯ ಮೇಲಿತ್ತು. ನಾನು ಸುತ್ತುಬಳಸಿ ಮಾತಾಡಲಿಲ್ಲ. "ತಪ್ಪು ನನ್ನದು. ಈ ಸ್ಕೇಲು ಅತ್ತೆಯ ನೀರು ತಿಂದದ್ದು," ಎಂದೆ. ಬಯಲಿನಲ್ಲಿ ಆದದ್ದನ್ನೆಲ್ಲ ಹೇಳಿದೆ. ವಾಚಿನ ಮಾವ ನಂಬದೆ ತಲೆ ಆಡಿಸಿದರು.

ಅಜ್ಜ ದೊಡ್ಡಪ್ಪನನ್ನೂ ಅತ್ತೆಯನ್ನೂ ಬಿಸಿಲಿಗೆ ಕರೆದು ನಿಲ್ಲಿಸಿದರು. ದೊಡ್ಡಪ್ಪ ಕಟ್ಟಾಳು, ಅತ್ತೆ ಅವರ ಹೆಗಲವರೆಗೂ ಬರುವುದಿಲ್ಲ. ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಅಳೆಯಿಸಿದರು. ಕಲ್ಲಿಡುವ ಕೆಲಸ ನನ್ನದು. ಮೂರನೆಯ ಸಲಕ್ಕೆ ದೊಡ್ಡಪ್ಪನದು ಆರು ಪಾದ ಆಯಿತು. ಅತ್ತೆಯದೂ ಆರು.

ಮಾವ ವಾಚು ನೋಡಿದರು. "ಮೂರು ಗಂಟೆ ಎಂಟು ನಿಮಿಷ," ಎಂದವರು ಅತ್ತೆಯ ಕಡೆ ತಿರುಗಿದರು. "ಮೊನ್ನೆ ಇವಳು ಕಂಡಿ ತೆರೆಯುವಾಗ ನಾಲ್ಕಕ್ಕೆ ಹತ್ತು ನಿಮಿಷವೋ ಎಂತವೋ ಇತ್ತು. ನಿದ್ದೆ ಹೊಡ್ದು ಬಂದಿದ್ದಾಳೆ ಅಂತ ನಾನು ಊರೆಲ್ಲ ಹೇಳಿದೆ."

"ಈ ವರ್ಷ ನನ್ನ ತೋಟ ಭಾರೀ ಹಸುರು ಉಂಟು ಅಂತ ನಾನು ಖುಷಿಯಲ್ಲಿದ್ದೆ," ಎಂದರು ದೊಡ್ಡಪ್ಪ. ಅವರು ತಲೆ ಎತ್ತಲಿಲ್ಲ. "ಹೆಚ್ಚು ಸಿಕ್ಕಿದ್ದನ್ನು ಯಾರು ಅಳಿತಾರೆ? ಮುಂದಿನ ನಾಲ್ಕು ಸರದಿಯಲ್ಲಿ ನನ್ನ ಬೆಳಗಿನ ನೀರೂ ಅವಳಿಗೇ ಹೋಗ್ಲಿ."

ಅಜ್ಜ ಒಪ್ಪಿದರು. ನೀರು ತಿಂದದ್ದಕ್ಕೆ ನೀರೇ ದಂಡ. ಮಾವನಿಗೆ ಮಾತ್ರ ಇನ್ನೊಂದು ಯೋಚನೆ ಬಂತು. "ಅಲ್ಲ, ಒಂದು ಕಂಬ ನೆಟ್ಟು ಅದರ ನೆರಳು ಅಳೆದ್ರೆ ಆಗ್ಲಿಕ್ಕಿಲ್ವಾ?"

"ಆಗ್ತದೆ," ಎಂದರು ಅಜ್ಜ. "ಕಂಬ ಯಾರ ಜಾಗದಲ್ಲಿ ನೆಡುದು?"

ಮಾವ ನಕ್ಕುಬಿಟ್ಟರು. ಅಜ್ಜ ಸ್ಕೇಲನ್ನು ನನ್ನ ಕೈಗೆ ಕೊಟ್ಟು, "ಇದು ಪುಸ್ತಕದ ಗೆರೆ ಹಾಕ್ಲಿಕ್ಕೆ ಒಳ್ಳೆದು, ಮಗಳೇ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶಿವರಾತ್ರಿ ಕಳೆದ ಮರುವಾರ ಪಂಜದ ಅಣ್ಣ ಬಂದರು. ನಾನೂ ಅಂದು ಮನೆಯಲ್ಲಿದ್ದೆ. ಅಮ್ಮ ಕೊಟ್ಟ ಮಜ್ಜಿಗೆ ತೆಗೆದುಕೊಂಡು ಹೋದ ನೆವದಲ್ಲಿ ತುದಿಮನೆಯ ಜಗಲಿಯಲ್ಲೇ ಕೂತೆ. ಕೊನೆಯ ಸಾಲಿನ ಹದಿನಾಲ್ಕು ಸಸಿಗಳು ಸತ್ತೇ ಹೋಗಿದ್ದವು; ಅವು ನನ್ನ ಲೆಕ್ಕಕ್ಕೆ. ಉಳಿದವುಗಳ ಸುಳಿ ಹಸುರಾಗಿ ಬಿಚ್ಚಿಕೊಳ್ಳುತ್ತಿತ್ತು. ಅಣ್ಣ ಒಂದೊಂದು ಸಸಿಯ ಬುಡವನ್ನೂ ಬೆರಳಿನಿಂದ ಕೆದಕಿ ನೋಡಿದರು. ಬಾಗಿಲ ಬಳಿ ಕಟ್ಟಿಟ್ಟ ಗಂಟು ಇತ್ತು. ಅದನ್ನು ನೋಡಿ, "ಇದನ್ನು ಬಿಚ್ಚು," ಎಂದಷ್ಟೇ ಹೇಳಿ ಕೊಡೆ ಹಿಡಿದು ಹೊರಟುಹೋದರು.

ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತು ಗಂಟು ಬಿಚ್ಚತೊಡಗಿದರು. ಎರಡು ಸೀರೆ, ಒಂದು ಕಂಚಿನ ದೀಪ, ಅಡಿಕೆ ಕತ್ತರಿ. ನಾನು ಅಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಕೇಳಿದೆ. "ಅತ್ತೇ, ನಿಮಗೆ ಯಾವತ್ತೂ ಅನುಮಾನ ಬರ್ಲಿಲ್ವಾ?"

"ಅನುಮಾನ ಎಂತಕ್ಕೆ? ಮೊದಲ ದಿನವೇ ಗೊತ್ತಾಯ್ತಲ್ಲ. ಸ್ಕೇಲು ಇಡುವ ಮೊದಲು ನಾನು ದಿನಾ ನನ್ನ ಪಾದದಲ್ಲೂ ಅಳಿತಿದ್ದೆ. ಆರು ಆಗ್ತಿತ್ತು. ಸ್ಕೇಲಿನಲ್ಲಿ ಆಗ್ತಿರ್ಲಿಲ್ಲ. ಮತ್ತೆ ಅಲ್ಲೇ ಕೂತು ಕಾಯುದು. ದೊಡ್ಡಪ್ಪನ ತೋಟಕ್ಕೆ ನೀರು ಹೋಗುದು ಕಾಣ್ತಿತ್ತು."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

ಅತ್ತೆ ಬಿಚ್ಚಿದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. "ಕಲಿತವರು ತಂದ ಅಳತೆ ತಪ್ಪುದುಂಟಾ ಮಗಳೇ? ನನ್ನ ಪಾದವೇ ಸರಿ ಇಲ್ಲ ಅಂತ ಗ್ರಹಿಸಿದೆ," ಎಂದರು. ಹೇಳುತ್ತ, ಚಾಚಿದ್ದ ಕಾಲುಗಳನ್ನು ಒಳಗೆಳೆದುಕೊಂಡು, ಸೀರೆಯ ಅಂಚಿನಿಂದ ಪಾದಗಳನ್ನು ಮುಚ್ಚಿಕೊಂಡರು.